ಮುನ್ನೂರು ವರ್ಷ ಬದುಕಿದ ನಾಯಕ ಹೈಸ್ಕೂಲ್ ಹುಡುಗನ ಹಾಗೆ ಯಾಕೆ ಮುನಿಸಿಕೊಳ್ಳುತ್ತಾನೆ?

ಕೇಳಿದ್ದು

ಪ್ರತಿಲಿಪಿಯಂಥ ಆ್ಯಪ್‌ಗೆ ಒಂದು ನ್ಯೂ ಅಡಲ್ಟ್ ಪ್ಯಾರಾನಾರ್ಮಲ್ ರೊಮ್ಯಾನ್ಸ್ (ಹದಿಹರೆಯ ದಾಟಿದವರ, ಅತಿಮಾನುಷ ಪಾತ್ರಗಳಿರುವ ಪ್ರೇಮಕಥೆ) ಧಾರಾವಾಹಿ ಬರೆಯುತ್ತಿದ್ದೇನೆ. ನಾಯಕಿ ಚಾರ್ವಿಗೆ 22, ಮೈಸೂರಿನಲ್ಲಿ ಶಾಸನಶಾಸ್ತ್ರ ಓದುತ್ತಿದ್ದಾಳೆ. ನಾಯಕ ಚಿಕ್ಕದೇವರಾಜ ಒಡೆಯರ ಕಾಲದ ಪಂಡಿತ, 24ರಲ್ಲಿ ಸತ್ತು ಬ್ರಹ್ಮರಾಕ್ಷಸನಾದವನು. ಓದುಗರೆಲ್ಲರದೂ ಒಂದೇ ದೂರು, "ಇಬ್ಬರೂ ತೀರಾ ಎಳಸು" ಅಂತ. ಮಾತೆತ್ತಿದರೆ ಮುನಿಸು, ಫೋನ್ ಬ್ಲಾಕ್, ಬಾಗಿಲು ಬಡಿಯುವುದು. ಎಲ್ಲಿಂದ ಸರಿಪಡಿಸಲಿ?

ಉತ್ತರ 1

ಎಳಸುತನವನ್ನು ಪೂರ್ತಿ ಅಳಿಸಲು ಹೋಗಬೇಡಿ, ಈ ಪ್ರಕಾರ ನಿಂತಿರುವುದೇ ಅದರ ಮೇಲೆ. 'ನ್ಯೂ ಅಡಲ್ಟ್' ಎಂಬ ಹೆಸರು ಚಾಲ್ತಿಗೆ ಬಂದದ್ದು 2009ರಲ್ಲಿ, ಅಮೆರಿಕದ ಸೇಂಟ್ ಮಾರ್ಟಿನ್ಸ್ ಪ್ರೆಸ್ ಹದಿಹರೆಯ ದಾಟಿದವರ ಕಥೆಗಳಿಗೆ ಸ್ಪರ್ಧೆ ಇಟ್ಟಾಗ. ಅದಕ್ಕೂ ಮೊದಲೇ, 2000ದಲ್ಲಿ, ಮನೋವಿಜ್ಞಾನಿ ಜೆಫ್ರಿ ಆರ್ನೆಟ್ 18ರಿಂದ 25ರವರೆಗಿನ ವಯಸ್ಸನ್ನು ಬದುಕಿನ ಪ್ರತ್ಯೇಕ ಘಟ್ಟವೆಂದು ವಾದಿಸಿದ್ದರು. ಅವರು ಗುರುತಿಸಿದ ಲಕ್ಷಣಗಳು ಐದು: ತಾನು ಯಾರೆಂಬ ಹುಡುಕಾಟ, ನೆಲೆ ನಿಲ್ಲದ ಬದುಕು, ತನ್ನ ಸುತ್ತಲೇ ತಿರುಗುವ ಮನಸ್ಸು, ಅತ್ತ ಮಗುವೂ ಅಲ್ಲ ಇತ್ತ ದೊಡ್ಡವರೂ ಅಲ್ಲ ಎಂಬ ಭಾವನೆ, ಏನು ಬೇಕಾದರೂ ಆಗಬಲ್ಲೆ ಎಂಬ ನಂಬಿಕೆ.

ಚಾರ್ವಿಯ ತಪ್ಪುಗಳು ಈ ಐದರಿಂದಲೇ ಹುಟ್ಟಲಿ. ಪಿಎಚ್‌ಡಿಯೋ ಕೆಲಸವೋ ಎಂದು ತೀರ್ಮಾನಿಸಲಾಗದೆ ಅರ್ಜಿಯ ಕೊನೆಯ ದಿನ ದಾಟಿಸಿಬಿಡುವುದು, ಪಿಜಿ ಬಾಡಿಗೆಯ ದುಡ್ಡನ್ನು ಇನ್ನೆಲ್ಲಿಗೋ ಖರ್ಚು ಮಾಡಿ ಅಮ್ಮನಿಗೆ ಸುಳ್ಳು ಹೇಳುವುದು, ಇವೆಲ್ಲ 22ರ ತಪ್ಪುಗಳು. ಇನ್ನೊಬ್ಬಳು ಅವನ ಕಡೆ ನೋಡಿದಳೆಂದು ಅಳುತ್ತ ಓಡಿಹೋಗುವುದು 15ರದು.

ಮುಗಿದ ಕಂತುಗಳನ್ನು ಮುಂದಿಟ್ಟುಕೊಂಡು, ಪ್ರತಿ ಜಗಳದ ಪಕ್ಕ ಮೂರು ವಿಷಯ ಬರೆದುಕೊಳ್ಳಿ: ಅದನ್ನು ಕಥೆಯೊಳಗೆ ಯಾರು ಗಮನಿಸಿದರು, ಅದರಿಂದ ಏನು ನಷ್ಟವಾಯಿತು, ಯಾರು ಸರಿಮಾಡಿದರು. ಮೂರೂ ಖಾಲಿ ಉಳಿದರೆ ಆ ಎಳಸುತನ ಪಾತ್ರದ್ದಲ್ಲ, ಬರಹದ್ದು. ಒಂದಕ್ಕಾದರೂ ಉತ್ತರವಿದ್ದರೆ ಆ ದೃಶ್ಯ ಉಳಿಯುತ್ತದೆ. ಹೆಚ್ಚಿನ ಧಾರಾವಾಹಿಗಳಲ್ಲಿ ಖಾಲಿ ಉಳಿಯುವುದು ಮೊದಲನೆಯದೇ, ಯಾಕೆಂದರೆ ನಾಯಕಿಯ ಗೆಳತಿಗೆ ಹೊಗಳುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ. ಆ ಗೆಳತಿ ಒಮ್ಮೆ "ಇದು ನಿನ್ನದೇ ತಪ್ಪು ಕಣೇ" ಎನ್ನಲಿ.

ಇಬ್ಬರ ಕಥೆಯನ್ನೂ 'ನಾನು' ಎಂದು ವರ್ತಮಾನ ಕಾಲದಲ್ಲಿ ಹೇಳಿಸುತ್ತಿದ್ದರೆ ಅದೂ ಒಂದು ಕಾರಣ. ಸಿಟ್ಟು ಬಂದ ಕ್ಷಣದಲ್ಲೇ ಹೇಳುವವರಿಗೆ ತಮ್ಮ ತಪ್ಪು ಕಾಣುವುದಿಲ್ಲ. ಭೂತಕಾಲಕ್ಕೆ ತಂದರೆ "ಆಗ ನನಗೆ ಅದು ಅನ್ಯಾಯವೆನಿಸಿತ್ತು" ಎಂಬ ಒಂದೇ ವಾಕ್ಯದಿಂದ ಅವಳು ಬೆಳೆದದ್ದು ತಿಳಿಯುತ್ತದೆ.

ಉತ್ತರ 2

ನಾಯಕನ ವಿಷಯಕ್ಕೆ ಬರೋಣ. ಅಲ್ಲೇ ದೊಡ್ಡ ಬಿರುಕಿದೆ.

ಚಿಕ್ಕದೇವರಾಜರ ಆಳ್ವಿಕೆ 1673ರಿಂದ 1704. ಆ ಕಾಲದವನು ಇವತ್ತಿಗೂ ಇದ್ದಾನೆಂದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದನ್ನೂ 1876–78ರ ಬರವನ್ನೂ ಕಣ್ಣಾರೆ ಕಂಡಿರುತ್ತಾನೆ. ಅಂಥವನು ನೀಲಿ ಟಿಕ್ ಬಂದೂ ಉತ್ತರ ಬರಲಿಲ್ಲವೆಂದು ಬಾಗಿಲು ಬಡಿದರೆ ಯಾರೂ ನಂಬುವುದಿಲ್ಲ. 24ರ ದೇಹ ಹಾಗೇ ನಿಂತಿರಬಹುದು, ರೂಢಿಗಳು ಮಾತ್ರ ಮುನ್ನೂರು ವರ್ಷದವು. ವಯಸ್ಸಾದವರಿಗೂ ಎಳಸುತನ ಉಂಟು, ಅದರ ಬಗೆ ಬೇರೆ: ಕೇಳದೆ ತೀರ್ಮಾನ ಮಾಡುವುದು, ಹೊಸದನ್ನು ಕಲಿಯಲು ಒಲ್ಲೆ ಎನ್ನುವುದು, ಕ್ಷಮೆ ಕೇಳುವ ಬದಲು ಉಡುಗೊರೆ ತಂದಿಡುವುದು, ಒಂದು ಮೌನವನ್ನು ವರ್ಷಗಟ್ಟಲೆ ಎಳೆಯುವುದು.

ನಿಮಗಂತೂ ಬ್ರಹ್ಮರಾಕ್ಷಸನೇ ಸಿಕ್ಕಿದ್ದಾನೆ! ನಮ್ಮ ಕಥೆಗಳಲ್ಲಿ ಅವನು ಕಲಿತ ವಿದ್ಯೆಯನ್ನು ಯಾರಿಗೂ ಹೇಳಿಕೊಡದೆ ಬಚ್ಚಿಟ್ಟ, ಇಲ್ಲವೇ ಕೆಟ್ಟದ್ದಕ್ಕೆ ಬಳಸಿದ ಪಂಡಿತ. ಅವನ ದೋಷ ಅಲ್ಲೇ ಸಿದ್ಧವಾಗಿದೆ, ಹೊಟ್ಟೆಕಿಚ್ಚನ್ನು ಹೊರಗಿನಿಂದ ತಂದು ಅಂಟಿಸಬೇಕಾಗಿಲ್ಲ. "ಅವನ ಜೊತೆ ಯಾಕೆ ಮಾತಾಡಿದೆ?" ಎಂದು ಕಿರುಚಿ ಮಾಯವಾಗುವ ದೃಶ್ಯವಿದ್ದರೆ ಅದರ ಜಾಗದಲ್ಲಿ ಹೀಗೆ ಮಾಡಿ ನೋಡಿ:

ಚಾರ್ವಿ ಶಾಸನದ ಪಡಿಯಚ್ಚನ್ನು ಮೇಜಿನ ಮೇಲೆ ಹರಡಿದಳು. "ಏಳನೇ ಸಾಲು ಸವೆದಿದೆ. ನಿಮಗೆ ಗೊತ್ತಲ್ವಾ?"
"ಗೊತ್ತು."
"ಹೇಳಿ ಮತ್ತೆ."
"ಬೇಡ. ಅದು ನಿನಗೆ ಒಳ್ಳೇದಲ್ಲ."
"ನನಗೆ ಯಾವುದು ಒಳ್ಳೇದು ಅಂತ ನಾನು ನೋಡ್ಕೋತೀನಿ. ಶುಕ್ರವಾರ ಪ್ರಬಂಧ ಕೊಡಬೇಕು."
ಅವನು ಕಿಟಕಿಯ ಕಡೆ ತಿರುಗಿದ. ಅವಳು ಸ್ವಲ್ಪ ಹೊತ್ತು ಕಾದಳು, ಆಮೇಲೆ ಪಡಿಯಚ್ಚು ಸುತ್ತಿಕೊಂಡು ಲೈಬ್ರರಿಗೆ ಹೊರಟಳು.

ಜಗಳದ ಕಾವು ಕಡಿಮೆಯಾಗಿಲ್ಲ. ಅವನು ಈಗಲೂ ಹಟಮಾರಿಯೇ, ಆದರೆ ತನ್ನ ವಯಸ್ಸಿಗೆ ತಕ್ಕ ಹಟ. ಅವಳು ಅಳಲಿಲ್ಲ, ಬ್ಲಾಕ್ ಮಾಡಲಿಲ್ಲ, ತನ್ನ ಕೆಲಸಕ್ಕೆ ಬೇರೆ ದಾರಿ ಹುಡುಕಿಕೊಂಡಳು. ಮುಂದಿನ ಕಂತಿನಲ್ಲಿ ಆ ಸಾಲನ್ನು ಅವಳು ತಪ್ಪಾಗಿ ಓದಿದರೆ ಇಬ್ಬರಿಗೂ ನಷ್ಟ.

ಉತ್ತರ 3

ಮೇಲಿನ ಇಬ್ಬರೂ ಪಾತ್ರದ ಬಗ್ಗೆ ಹೇಳಿದರು. ನನ್ನ ಪ್ರಕಾರ ಅರ್ಧ ತಪ್ಪು ಕಂತಿನ ಅಚ್ಚಿನದು. ಪ್ರತಿ ಕಂತಿನ ಕೊನೆಗೂ ಕುತೂಹಲ ಬೇಕು, ಅದಕ್ಕೆ ಅತಿ ಸುಲಭದ ದಾರಿ ತಪ್ಪು ತಿಳಿವಳಿಕೆ. ಹತ್ತು ಕಂತುಗಳಲ್ಲಿ ಎರಡಕ್ಕಿಂತ ಹೆಚ್ಚು ಪ್ರೇಮಿಗಳ ಜಗಳದಲ್ಲಿ ಮುಗಿಯದಂತೆ ನೋಡಿಕೊಳ್ಳಿ. ಉಳಿದವು ಹೊರಗಿನ ಅಪಾಯ, ಹೊಸದಾಗಿ ಗೊತ್ತಾದ ಸತ್ಯ ಅಥವಾ ಒಂದು ತೀರ್ಮಾನದಲ್ಲಿ ಮುಗಿಯಲಿ. ಐದು ನಿಮಿಷ ಕೂತು ಮಾತಾಡಿದರೆ ಬಗೆಹರಿಯುವ ವಿಷಯ ಎರಡು ಕಂತು ದಾಟಬಾರದು. ದಾಟಲೇಬೇಕಿದ್ದರೆ, ಬಾಯಿ ಬಿಟ್ಟರೆ ಏನು ಕಳೆದುಕೊಳ್ಳುತ್ತಾರೆಂಬುದು ಓದುಗರಿಗೆ ಮೊದಲೇ ಗೊತ್ತಿರಲಿ.

ಈ ಪ್ರಕಾರದಲ್ಲಿ ದೊಡ್ಡ ಅಗಲಿಕೆ ಸಾಮಾನ್ಯವಾಗಿ ಕಥೆಯ ಮುಕ್ಕಾಲು ಭಾಗದ ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿಯೂ ಮುನಿಸೇ ಕಾರಣವಾದರೆ ಪುಸ್ತಕ ಕುಸಿಯುತ್ತದೆ. ನಿಮ್ಮ ಕಥೆಯಲ್ಲಿ ಗಟ್ಟಿ ಕಾರಣ ಈಗಾಗಲೇ ಇದೆ: ಬಚ್ಚಿಟ್ಟ ವಿದ್ಯೆಯನ್ನೆಲ್ಲ ಅವಳಿಗೆ ಕೊಟ್ಟರೆ ಅವನಿಗೆ ಬಿಡುಗಡೆ, ಬಿಡುಗಡೆಯಾದರೆ ಅವನು ಅವಳ ಪಾಲಿಗಿಲ್ಲ. ಇದರಲ್ಲಿ ಇಬ್ಬರ ವಾದವೂ ಸರಿ. ಹಾಗಾಗಿ ಬೇರೆಯಾದರೂ ಎಳಸು ಅನಿಸುವುದಿಲ್ಲ.

ಕ್ಷಮೆ ಕೇಳುವ ದೃಶ್ಯಕ್ಕೆ ಮೂರು ಭಾಗ ಬೇಕು: ಏನು ಮಾಡಿದೆ, ಅದರಿಂದ ನಿನಗೆ ಏನಾಯಿತು, ಇನ್ನು ಏನು ಬದಲಾಗುತ್ತದೆ. ಎರಡನೆಯದನ್ನು ಬಿಟ್ಟು "ನೀನಿಲ್ಲದೆ ನಾನಿಲ್ಲ" ಎಂದರೆ ಅದು ಕ್ಷಮೆಯಾಗುವುದಿಲ್ಲ.

ಉತ್ತರ 4

ಎರಡು ಎಚ್ಚರಿಕೆ. ಜನ್ಮಾಂತರದ ಬಂಧವನ್ನು ತಂದಿದ್ದರೆ ಅದು ಅವರನ್ನು ಸೆಳೆಯಲಿ, ತೀರ್ಮಾನ ಮಾತ್ರ ಮಾಡದಿರಲಿ. ಅವನು ಹಿಂಬಾಲಿಸಿದ್ದಕ್ಕೆ, ಫೋನ್ ಕಸಿದದ್ದಕ್ಕೆಲ್ಲ ಬಂಧವೇ ನೆಪವಾದರೆ ಇಬ್ಬರಿಗೂ ಹೊಣೆಗಾರಿಕೆ ಉಳಿಯುವುದಿಲ್ಲ. ಹಾಗೇ, ಅವಳನ್ನು 'ಪುಟ್ಟ ಮಗು' ಥರ ತುಟಿ ಉಬ್ಬಿಸುವವಳಾಗಿ ಬರೆದು, ಅದೇ ಕಂತಿನಲ್ಲಿ ಪ್ರಣಯ ದೃಶ್ಯ ಇಡಬೇಡಿ. 22 ಎಂದು ಎಷ್ಟು ಸಲ ಬರೆದರೂ ಓದುಗರಿಗೆ ಕಿರಿಕಿರಿಯಾಗುತ್ತದೆ, ಆಗಬೇಕಾದದ್ದೇ. ಅವಳಿಗೆ ಸ್ವಂತ ಸಂಪಾದನೆ, ಎದ್ದು ಹೋಗಲು ಒಂದು ಜಾಗ, ಅವನಿಗೆ ಏನೂ ಗೊತ್ತಿಲ್ಲದ ಒಂದು ಕ್ಷೇತ್ರ ಕೊಡಿ.

ಮೇಲಿನ ಸಂಭಾಷಣೆಯಲ್ಲಿ ಅವಳು 'ನೀವು', ಅವನು 'ನೀನು' ಎನ್ನುತ್ತಾರೆ. ಈ ಅಂತರ ಯಾವ ಕಂತಿನಲ್ಲಿ ಮುರಿಯುತ್ತದೆ, ಯಾರು ಮುರಿಯುತ್ತಾರೆ ಎಂಬುದನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಕನ್ನಡದಲ್ಲಿ ಬರೆಯುವವರಿಗೆ ಅದಕ್ಕಿಂತ ಹರಿತವಾದ ಸಾಧನವಿಲ್ಲ.

ಕೇಳಿದವರಿಂದ

40 ಕಂತು ಪ್ರಕಟವಾಗಿಬಿಟ್ಟಿದೆ. ಎಲ್ಲವನ್ನೂ ತಿದ್ದಬೇಕಾ?

ಉತ್ತರ 1

ಬೇಡ. ಓದಿ ಮುಂದೆ ಹೋದವರು ಹಿಂದಕ್ಕೆ ಬರುವುದಿಲ್ಲ. ಮೊದಲ ಐದು ಕಂತು ಮಾತ್ರ ತಿದ್ದಿ, ಹೊಸಬರು ಬಿಟ್ಟುಹೋಗುವುದು ಅಲ್ಲೇ. ಮಿಕ್ಕದ್ದರಲ್ಲಿ ಅತಿ ಎಳಸಾದ ಒಂದು ಜಗಳ ಆರಿಸಿ, ಅದರ ಬೆಲೆಯನ್ನು 41ನೇ ಕಂತಿನಲ್ಲಿ ತೆರಿಸಿ: ಅವಳು ಬ್ಲಾಕ್ ಮಾಡಿದ್ದ ದಿನ ಅವನು ಕಳಿಸಿದ್ದ ಎಚ್ಚರಿಕೆ ತಲುಪಿರಲೇ ಇಲ್ಲ, ಅದರಿಂದ ಗೆಳತಿಗೆ ಏಟಾಯಿತು. ಆ ಗೆಳತಿ ಅವಳೊಂದಿಗೆ ಮೂರು ಕಂತು ಮಾತಾಡದಿರಲಿ, ನಾಲ್ಕನೆಯದರಲ್ಲೂ ಗೆಳತಿಯೇ ಮೊದಲು ಮಾತಾಡಿಸುವುದು ಬೇಡ.