ಮಾತು ಕಡಿಮೆ ಇರುವವರಿಗೆ ಹೊರದೇಶದ ಕೆಲಸ ಕಷ್ಟವಾ? ಅನುಭವ ಇದ್ದವರು ಹೇಳಿ

ಕುಮಟಾದಿಂದ ಪ್ರಶ್ನೆ:

ನನ್ನ ತಮ್ಮನಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಹೊರಡುತ್ತಾನೆ. ಕೆಲಸದಲ್ಲಿ ಚುರುಕು, ಆದರೆ ಮಾತು ತೀರಾ ಕಡಿಮೆ. ಮನೆಗೆ ನೆಂಟರು ಬಂದರೂ ಒಳಗೇ ಕೂರುವವನು. 'ಅಲ್ಲಿ ಮೀಟಿಂಗಿನಲ್ಲಿ ಎಲ್ಲರೂ ಮಾತಾಡಲೇಬೇಕಂತೆ, ನಾನು ಏನು ಮಾಡ್ಲಿ ಅಕ್ಕ' ಅಂತ ನಿದ್ದೆ ಕೆಡಿಸಿಕೊಂಡಿದ್ದಾನೆ. ಸ್ವಭಾವವನ್ನೇ ಬದಲಾಯಿಸಿಕೊಳ್ಳಬೇಕಾ?

ಶಿರಸಿಯಿಂದ:

ಅಕ್ಕ, ನಾನೂ ಹಾಗೇ. ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನಾಲ್ಕು ವರ್ಷ ಇದ್ದು ಬಂದೆ. ಮಾತು ಕಡಿಮೆ ಅಂತ ಅಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನನ್ನು ಕಾಡಿದ್ದು ಸಂಕೋಚ.

ನಮ್ಮ ಕಡೆ 'ನೋಡ್ವ' ಅಂದರೆ ಏನು ಅಂತ ನಿಮಗೆ ಗೊತ್ತಲ್ವಾ? ಅಪ್ಪ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಹತ್ತಿರ 'ನಾಳೆ ಬರ್ತ್ಯಾ' ಅಂತ ಕೇಳುತ್ತಾರೆ. ಅವನು ತಲೆ ಕೆರೆದುಕೊಂಡು 'ನೋಡ್ವ' ಅನ್ನುತ್ತಾನೆ. ಬರುವುದಿಲ್ಲ ಅಂತ ಅಪ್ಪನಿಗೆ ಅಲ್ಲೇ ಗೊತ್ತಾಗುತ್ತದೆ. ಸಂಜೆಯೇ ಇನ್ನೊಬ್ಬನಿಗೆ ಫೋನ್ ಮಾಡುತ್ತಾರೆ. ಯಾರಿಗೂ ಬೇಜಾರಿಲ್ಲ.

ಅಲ್ಲಿ ಮ್ಯಾನೇಜರ್ 'ಶುಕ್ರವಾರಕ್ಕೆ ಆಗುತ್ತದಾ' ಅಂತ ಕೇಳಿದರು. ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ 'ಪ್ರಯತ್ನ ಮಾಡುತ್ತೇನೆ' ಅಂದೆ. ಅವರು ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಹಸಿರು ಮಾರ್ಕರಿನಲ್ಲಿ 'ಶುಕ್ರವಾರ' ಅಂತ ಬರೆದರು. ಮೂರು ದಿನ ಅದನ್ನೇ ನೋಡುತ್ತ ಕೂತೆ, ಬಾಯಿ ಬಿಡಲಿಲ್ಲ. ಶುಕ್ರವಾರ ಅವರು ಕೂಗಾಡಲಿಲ್ಲ. 'ಮಂಗಳವಾರವೇ ಆಗಲ್ಲ ಅಂದಿದ್ದರೆ ಜೊತೆಗೆ ಒಬ್ಬರನ್ನು ಕೊಡುತ್ತಿದ್ದೆ' ಅಂದರು, ಅಷ್ಟೇ. ಅದಕ್ಕಿಂತ ಬೈದಿದ್ದರೇ ವಾಸಿ ಅನ್ನಿಸಿತು.

ಡಚ್ಚರು, ಅಂದರೆ ಆ ದೇಶದವರು, ನೇರ ಮಾತಿನವರು. 'ಇದು ಸರಿ ಇಲ್ಲ' ಅಂತ ಮುಖಕ್ಕೇ ಹೇಳುತ್ತಾರೆ, ಐದು ನಿಮಿಷಕ್ಕೆ ಊಟಕ್ಕೆ ಕರೆಯುತ್ತಾರೆ. ಹೇಳಿದ್ದು ಕೆಲಸಕ್ಕೆ, ನನಗಲ್ಲ ಅಂತ ಮನಸ್ಸಿಗೆ ಇಳಿಯಲು ಒಂದು ವರ್ಷ ಹಿಡಿಯಿತು. ಆಮೇಲೆ ಮೀಟಿಂಗಿಗೆ ಮೊದಲು ಚೀಟಿಯಲ್ಲಿ ಒಂದೇ ವಾಕ್ಯ ಬರೆದುಕೊಳ್ಳಲು ಶುರು ಮಾಡಿದೆ. ಏನು ಆಗುತ್ತದೆ, ಏನು ಆಗಲ್ಲ, ಯಾವತ್ತಿಗೆ. ಅದನ್ನು ಓದಿಬಿಡುತ್ತಿದ್ದೆ. ಅಷ್ಟರಿಂದಲೇ ನನ್ನ ಮೇಲೆ ನಂಬಿಕೆ ಬಂತು.

ಅದೇ ದೇಶದ ಗ್ರೋನಿಂಗನ್ ವಿಶ್ವವಿದ್ಯಾಲಯದ ಕರೆನ್ ವಾನ್ ಡರ್ ಝೀ ಮತ್ತು ಯಾನ್ ಪೀಟರ್ ವಾನ್ ಔಡನ್‌ಹೋವನ್ 2000ದಲ್ಲಿ ಈ ವಿಷಯಕ್ಕೆಂದೇ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಪರದೇಶದಲ್ಲಿ ಹೊಂದಿಕೊಳ್ಳಲು ಅವರು ಐದು ಗುಣ ನೋಡುತ್ತಾರೆ. ಬೇರೆ ಕಡೆಯವರ ಮನಸ್ಸು ಅರಿಯುವುದು, ತೆರೆದ ಮನಸ್ಸು, ತಾನಾಗಿ ಮುಂದೆ ಹೋಗುವುದು, ಗಾಬರಿ ಬೀಳದಿರುವುದು, ಹೊಸದಕ್ಕೆ ಒಗ್ಗುವುದು. ಜಾಸ್ತಿ ಮಾತು ಅನ್ನುವುದು ಆ ಐದರಲ್ಲಿ ಒಂದಲ್ಲ. ನಿಮ್ಮ ತಮ್ಮ ಆ ಮೂರನೆಯದನ್ನು ರೂಢಿ ಮಾಡಿಕೊಂಡರೆ ಸಾಕು ಅಂತ ನನ್ನ ಅನಿಸಿಕೆ.

ಕಾರವಾರದಿಂದ:

ನನ್ನದು ಉಲ್ಟಾ ಸ್ವಭಾವ. ಹಡಗಿನಲ್ಲಿ ಕೆಲಸ. ಫಿಲಿಪೀನ್ಸ್, ಉಕ್ರೇನ್, ಚೀನಾದವರೆಲ್ಲ ಒಂದೇ ಮೆಸ್ಸಿನಲ್ಲಿ ಉಣ್ಣುತ್ತೇವೆ. ನಾನು ಎಲ್ಲರ ಜೊತೆ ಬೇಗ ಬೆರೆಯುವವನು, ನನಗೇನು ಕಷ್ಟ ಅಂದುಕೊಂಡಿದ್ದೆ. ಒಮ್ಮೆ ಎಂಜಿನ್ ರೂಮಿನಲ್ಲಿ ಫಿಲಿಪೀನ್ಸಿನ ಆಯಿಲರ್ (ಯಂತ್ರಗಳಿಗೆ ಎಣ್ಣೆ ಹಾಕಿ ನೋಡಿಕೊಳ್ಳುವವನು) ಒಬ್ಬ ತಪ್ಪು ವಾಲ್ವ್ ತಿರುಗಿಸಿದ. ನಾಲ್ಕು ಜನರ ಎದುರು ಕೂಗಿಬಿಟ್ಟೆ. ನಾನು ಮೀನು ಮಾರ್ಕೆಟ್ಟಿನ ಪಕ್ಕದಲ್ಲಿ ಬೆಳೆದವನು, ದನಿ ಏರಿಸುವುದು ನಮಗೆ ದೊಡ್ಡ ವಿಷಯವಲ್ಲ. ಹತ್ತು ನಿಮಿಷಕ್ಕೆ ಮರೆತೆ. ಅವನು ನಕ್ಕಿದ್ದ. ಆ ನಗು ನೋಡಿ ಎಲ್ಲ ಸರಿ ಇದೆ ಅಂದುಕೊಂಡೆ. ಮಾರನೆಯ ದಿನದಿಂದ 'ಯೆಸ್ ಸರ್' ಬಿಟ್ಟು ಒಂದು ಮಾತಿಲ್ಲ. ವಾರದ ನಂತರ ಪಂಪ್ ಸೋರುವುದನ್ನು ಕಂಡರೂ ನನಗೆ ಹೇಳಲಿಲ್ಲ, ಬೋಸನ್‌ಗೆ, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿಗೆ, ಹೇಳಿದ. ಜನರೆದುರು ಬೈದರೆ ಅವರಿಗೆ ಮರ್ಯಾದೆ ಹೋದ ಹಾಗೆ ಅಂತ ಬೋಸನ್ನೇ ತಿಳಿಸಿಕೊಟ್ಟ. ಆಯಿಲರ್ ಒಬ್ಬನೇ ಇದ್ದಾಗ ಹೋಗಿ ಕ್ಷಮೆ ಕೇಳಿದೆ. ಪೂರ್ತಿ ಸರಿಹೋಗಲು ಆ ಕಾಂಟ್ರಾಕ್ಟ್ ಮುಗಿಯುವವರೆಗೆ ಬೇಕಾಯಿತು.

ಹಡಗಿನಲ್ಲಿ ಒಂದು ಒಳ್ಳೆ ಕ್ರಮ ಇದೆ. ಆದೇಶ ಕೇಳಿದವನು ಅದನ್ನೇ ತಿರುಗಿ ಹೇಳಬೇಕು. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 2001ರಲ್ಲಿ ಹಡಗಿನ ಮಾತಿಗೆಂದೇ ಸರಳ ಇಂಗ್ಲಿಷ್ ವಾಕ್ಯಗಳನ್ನು ಗೊತ್ತು ಮಾಡಿತು. ನಿಮ್ಮ ತಮ್ಮನೂ 'ನೀವು ಹೇಳಿದ್ದು ಹೀಗೆ, ಸರೀನಾ' ಅಂತ ಕೇಳುವುದನ್ನು ಕಲಿಯಲಿ. ಅದಕ್ಕೆ ಬಾಯಿ ಜೋರು ಇರಬೇಕಿಲ್ಲ.

ಭಟ್ಕಳದಿಂದ:

ನಾನು ದುಬೈಯಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಶಿರಸಿಯವರ ಚೀಟಿ ಇಲ್ಲಿ ನಡೆಯುವುದಿಲ್ಲ. ಬಂದ ಕೂಡಲೇ ಕೆಲಸದ ಮಾತು ತೆಗೆದರೆ ಒರಟು ಅನ್ನಿಸುತ್ತದೆ. ಸಲಾಂ, ಮನೆಯವರ ಆರೋಗ್ಯ, ಗಹ್ವಾ (ಅರಬ್ಬರ ಕಾಫಿ), ಆಮೇಲೆ ಫೈಲು. ಗಹ್ವಾ ಸಾಕು ಅನ್ನಲು ಮಾತೂ ಬೇಡ, ಪುಟ್ಟ ಕಪ್ಪನ್ನು ಸ್ವಲ್ಪ ಅಲ್ಲಾಡಿಸಿದರೆ ಆಯಿತು. ತಾಳ್ಮೆಯಿಂದ ಕೇಳುತ್ತ ಕೂರುವವರಿಗೆ ಇಲ್ಲಿ ಬೆಲೆ ಜಾಸ್ತಿ.

ಶಿರಸಿಯಿಂದ:

ಒಂದು ಮರೆತಿದ್ದೆ ಅಕ್ಕ. ಮಧ್ಯಾಹ್ನ ಅವರೆಲ್ಲ ಬ್ರೆಡ್ಡು, ಚೀಸ್ ಹಿಡಿದು ಒಂದೇ ಟೇಬಲ್ಲಿಗೆ ಕೂರುತ್ತಿದ್ದರು. ನಾನು ಆರು ತಿಂಗಳು ನನ್ನ ಜಾಗದಲ್ಲೇ ಡಬ್ಬಿ ಬಿಚ್ಚಿ ಉಂಡೆ. ನಿಮ್ಮ ತಮ್ಮ ಮೊದಲ ದಿನವೇ ಆ ಟೇಬಲ್ಲಿಗೆ ಹೋಗಲಿ. ಸುಮ್ನೆ ಕೂತರೂ ಪರವಾಗಿಲ್ಲ. ಯಾವ ಊರು ಅಂತ ತಿಳಿಸಿ, ಅಲ್ಲಿ ನಮ್ಮ ಕಡೆಯ ಒಂದಿಬ್ಬರು ಇರಬಹುದು, ಕೇಳಿ ಹೇಳುತ್ತೇನೆ.