ಸಹಾಯ ಬೇಕು: ರಂಗದ ಮೇಲಿನ ಎಲ್‌ಇಡಿ ಮೇಣದಬತ್ತಿ ನಿಧಾನಕ್ಕೆ ಆರುವಾಗ ಕೊನೆಯಲ್ಲಿ ಜಿಗಿಯುತ್ತಿದೆ

12 ಮೇಣದಬತ್ತಿ, ಎಲ್ಲವೂ ನಟರ ಕೈಯಲ್ಲಿ, ಹಾಗಾಗಿ ವೈರ್ ಎಳೆಯುವಂತಿಲ್ಲ. ಪ್ರತಿಯೊಂದರಲ್ಲೂ 3.7 ವೋಲ್ಟ್ ಲಿಥಿಯಂ ಸೆಲ್, 8 ಮೆಗಾಹರ್ಟ್ಸ್ ಪ್ರೋ ಮಿನಿ ಬೋರ್ಡ್ (ಪುಟ್ಟ ಆರ್ಡುಯಿನೋ ಕಂಟ್ರೋಲರ್), ಎನ್‌ಆರ್‌ಎಫ್24 ರೇಡಿಯೋ, ಎನ್‌ಪಿಎನ್ ಟ್ರಾನ್ಸಿಸ್ಟರ್, 47 ಓಮ್ ರೆಸಿಸ್ಟರ್, ಒಂದು ವಾರ್ಮ್ ವೈಟ್ ಎಲ್‌ಇಡಿ. ಡಿಎಂಎಕ್ಸ್ ಬೋರ್ಡ್ (ರಂಗದ ದೀಪಗಳನ್ನು ನಿಯಂತ್ರಿಸುವ ಬೋರ್ಡ್) ಕೊಡುವ 0ರಿಂದ 255ರವರೆಗಿನ ಮಟ್ಟವನ್ನು ಒಂದು ಟ್ರಾನ್ಸ್‌ಮಿಟರ್ ಎಲ್ಲಕ್ಕೂ ಒಟ್ಟಿಗೆ ಕಳಿಸುತ್ತದೆ.

ಬತ್ತಿಯ ಜೊತೆ ಬಂದ ಮಿಣುಕುವ ಎಲ್‌ಇಡಿ ತೆಗೆದುಹಾಕಿದ್ದೇವೆ. ಅದರೊಳಗೇ ಚಿಪ್ ಇರುತ್ತದೆ. ಪಿಡಬ್ಲ್ಯೂಎಂ (ಬೆಳಕು ತಗ್ಗಿಸಲು ಎಲ್‌ಇಡಿಯನ್ನು ಅತಿ ವೇಗವಾಗಿ ಆನ್-ಆಫ್ ಮಾಡುವುದು) ಕೊಟ್ಟರೆ ಪ್ರತಿ ಪಲ್ಸಿಗೂ ಅದು ಹೊಸದಾಗಿ ಶುರುವಾಗಿ, ಡಿಮ್ ಆಗುವ ಬದಲು ಹುಚ್ಚುಹುಚ್ಚಾಗಿ ಮಿಟುಕುತ್ತದೆ. ಮಿಣುಕು ಈಗ ಕೋಡಿನಲ್ಲೇ ಇದೆ. ರೇಡಿಯೋ ಪಕ್ಕ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ಸಿಗ್ನಲ್ ತಪ್ಪುವುದೂ ನಿಂತಿದೆ. ತಪ್ಪಿದರೂ ಕೊನೆಯ ಮಟ್ಟದಲ್ಲೇ ಉರಿಯುತ್ತದೆ, ಕತ್ತಲಾಗುವುದಿಲ್ಲ.

ತೊಂದರೆ ಇರುವುದು 8 ಸೆಕೆಂಡಿನ ಫೇಡ್‌ನ ಬಾಲದಲ್ಲಿ. ಪಿಡಬ್ಲ್ಯೂಎಂ ನಡೆಸುವ ಟೈಮರ್ 1 ಅನ್ನು 12 ಬಿಟ್‌ಗೆ (0ರಿಂದ 4095ರ ಮಟ್ಟಗಳು) ಇಟ್ಟಿದ್ದೇವೆ, ಸುಮಾರು 1950 ಹರ್ಟ್ಸ್. ಗಾಮಾ (ಕಣ್ಣಿಗೆ ಫೇಡ್ ಸಮನಾಗಿ ಕಾಣಲು ಮಟ್ಟವನ್ನು ಬಾಗಿಸುವ ಲೆಕ್ಕ) 2.2 ಹಾಕಿದರೆ ಡಿಎಂಎಕ್ಸ್ 10 ಎಂದರೆ 4095ರಲ್ಲಿ ಬರೀ 3. ಅಲ್ಲಿಂದ ಕೆಳಗೆ 3, 2, 1, ಸೊನ್ನೆ: ಕತ್ತಲ ರಂಗದಲ್ಲಿ ಮೆಟ್ಟಿಲು ಇಳಿದಂತೆ ಕಾಣುತ್ತದೆ. 16 ಬಿಟ್ ಮಾಡಿದರೆ 122 ಹರ್ಟ್ಸ್‌ಗೆ ಇಳಿದು ಕ್ಯಾಮೆರಾದಲ್ಲಿ ಪಟ್ಟೆ ಬರುತ್ತದೆ.

ಎರಡನೇ ಪಿನ್ನಿನಿಂದ 1 ಕಿಲೋಓಮ್ ಮೂಲಕ ಅದೇ ಎಲ್‌ಇಡಿ ಉರಿಸಿ, ಕೆಳಗಿನ ಮಟ್ಟಗಳನ್ನು ಅದಕ್ಕೆ ಬಿಡುವ ಯೋಚನೆ ಇದೆ. ಹೀಗೆ ಮಾಡಿದವರಿದ್ದೀರಾ? ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಬೆಳಕು ಕುಲುಕದಂತೆ ಹೇಗೆ ಹೊಂದಿಸಿದಿರಿ? ಸೆಲ್ ಇಳಿದಂತೆ ಆ ಹೊಂದಾಣಿಕೆ ಕೆಡುತ್ತದೆಯೇ? ಸರ್ಕ್ಯೂಟ್ ಇದ್ದರೆ ದಯವಿಟ್ಟು ಹಾಕಿ.