ಸಹಾಯ ಬೇಕು: ಮರಿ ತರೋದಾ, ಬೆಳೆದ ನಾಯಿನಾ?

ಮಗಳು ನಾಯಿ ಬೇಕೇ ಬೇಕು ಅಂತ ಹಠ, ನನಗೂ ಆಸೆ ಇದೆ ಸುಳ್ಳು ಯಾಕೆ ಹೇಳ್ಲಿ, ಆದ್ರೆ ಇರೋದು ಮೂರನೇ ಫ್ಲೋರ್ ಫ್ಲಾಟು, ಬೆಳಗ್ಗೆ 9ರಿಂದ ಮಧ್ಯಾಹ್ನ 3ರ ತನಕ ಮನೇಲಿ ಯಾರೂ ಇರಲ್ಲ. ನೋಡೇಬಿಡೋಣ ಅಂತ ಫ್ರೆಂಡ್ ಮನೆಯ 3 ತಿಂಗಳ ಲ್ಯಾಬ್ರಡಾರ್ ಮರಿನ ಎರಡು ದಿನ ಇಟ್ಕೊಂಡ್ವಿ, ರಾತ್ರಿ ಎರಡೆರಡು ಸಲ ಎದ್ದು ಕೆಳಗೆ ಕರ್ಕೊಂಡು ಹೋಗಿದ್ದು ನಾನು, ಮಗಳು ಗೊರಕೆ! ಆದ್ರೂ ನನ್ನ ಚಪ್ಪಲಿ ಕಚ್ಕೊಂಡು ಬಂದು ಕಾಲ ಮೇಲೆ ಮಲಗಿದಾಗ ಕರಗಿಹೋದೆ. ಅಷ್ಟು ಚಿಕ್ಕ ಮರಿ ಮೂರ್ನಾಲ್ಕು ಗಂಟೆಗಿಂತ ಜಾಸ್ತಿ ಉಚ್ಚೆ ತಡ್ಕೊಳ್ಳಲ್ಲ, ಬೆಳೆದ ನಾಯಿನ ದತ್ತು ತಗೊಳ್ಳಿ ಅಂದ್ರು ಡಾಕ್ಟ್ರು. 4 ವರ್ಷದ ಒಂದು ಶಾಂತ ಹೆಣ್ಣು ನಾಯಿ ನೋಡಿದ್ದೀವಿ, ಆದ್ರೆ ಒಂಟಿ ಬಿಟ್ರೆ ಹೇಗಿರುತ್ತೋ ಅದನ್ನ ದತ್ತು ಕೊಡೋರಿಗೂ ಗೊತ್ತಿಲ್ವಂತೆ. ಇಂಥ ನಾಯಿಗೆ 6 ಗಂಟೆ ಒಬ್ಬಂಟಿ ಇರೋದು ಅಭ್ಯಾಸ ಮಾಡಿಸಿದವರು ಇದ್ದೀರಾ, ಹೇಗೆ ಮಾಡಿದ್ರಿ, ಎಷ್ಟು ದಿನ ಹಿಡೀತು?